ಮಾಸ್ಕ್: ಎರಡು ವರ್ಷ ದಿನವಿಡೀ ಹಾಕಿಕೊಂಡ ಮೇಲೆ ಯಾವುದು ಉಳಿಯಿತು, ಯಾವುದು ಕಸಕ್ಕೆ ಹೋಯಿತು

ಬಳಸಿದ ಅವಧಿ: ಕೊರೊನಾ ಕಾಲ, 2020ರ ಏಪ್ರಿಲ್‌ನಿಂದ 2022ರ ಬೇಸಿಗೆಯವರೆಗೆ ದಿನಾಲು ಆರೇಳು ತಾಸು. ಆಮೇಲೆ ಧೂಳಿನ ಕೆಲಸಕ್ಕೆ, ದವಾಖಾನೆಗೆ ಹೋಗುವಾಗ ಮಾತ್ರ.
ಬಳಸಿದ ಜಾಗ: ಹುಬ್ಬಳ್ಳಿಯ ದುರ್ಗದಬೈಲು, ಧಾರವಾಡಕ್ಕೆ ಹೋಗಿಬರುವ ಚಿಗರಿ ಬಸ್ಸು, ಬ್ಯಾಡಗಿಯ ಮೆಣಸಿನಕಾಯಿ ಪೇಟೆ.
ಬಳಸಿದ್ದು: ಮೂರು ಪದರಿನ ನೀಲಿ ಮಾಸ್ಕ್, ತಲೆಗೆ ಹಾಕುವ ಎಫ್‌ಎಫ್‌ಪಿ2 (ಎನ್95ನಂಥದ್ದೇ), ಕವಾಟ ಇರುವ ಎನ್95, ಹೊಲಿಸಿದ ಬಟ್ಟೆ ಮಾಸ್ಕ್, ಫೇಸ್ ಶೀಲ್ಡ್.

"ಉಸಿರ ಕಟ್ಟತದ್ರೀ", "ಚಾಳೀಸಿಗೆ ಮಂಜ ಹಿಡೀತದ", "ಕಿವಿ ಕಿತ್ತ ಬರ್ತಾವ". ಈ ಭಾಗದಲ್ಲಿ ಕೇಳಿಬಂದ ದೂರುಗಳು ಹೆಚ್ಚಾಗಿ ಈ ಮೂರೇ, ಮೂರಕ್ಕೂ ಬೇರು ಒಂದೇ. ಮೂಗಿನ ಪಕ್ಕದಲ್ಲಿ ಸಂದು ಉಳಿಯುತ್ತದೆ, ಬಿಸಿ ಉಸಿರು ಅಲ್ಲಿಂದ ಮೇಲೆದ್ದು ಚಾಳೀಸಿಗೆ ಬಡಿಯುತ್ತದೆ. ಸಂದು ಮುಚ್ಚಲೆಂದು ಕಿವಿಯ ದಾರ ಬಿಗಿ ಮಾಡುತ್ತಾರೆ, ಕಿವಿ ನೋಯುತ್ತದೆ. ನೋವು ತಾಳದೆ ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಾರೆ, ಅಲ್ಲಿನ ಬೆವರು ಹೀರಿ ಅದು ಒದ್ದೆಯಾಗುತ್ತದೆ. ಒದ್ದೆಯಾದದ್ದನ್ನೇ ಮತ್ತೆ ಮೂಗಿಗೆ ಏರಿಸಿದಾಗ ಉಸಿರು ಕಟ್ಟಿದಂತಾಗುತ್ತದೆ. ಹಾಗಾಗಿ ಇಲ್ಲಿ ಅಂಕ ಕೊಟ್ಟದ್ದು ಮಾಸ್ಕ್ ಮುಖದ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ನೋಡಿ.

ಮೂರು ಪದರಿನ ನೀಲಿ ಮಾಸ್ಕ್ (ಹಾಗೇ ಹಾಕಿದರೆ 5ಕ್ಕೆ 2, ಗಂಟು ಹಾಕಿದರೆ 4)

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇದರ ಬೆಲೆಗೆ 10 ರೂಪಾಯಿಯ ಮಿತಿ ಹಾಕಬೇಕಾಯಿತು, ಅಷ್ಟು ಹಾಹಾಕಾರ ಇತ್ತು. ಆಮೇಲೆ ಸರಕು ತುಂಬಿ ಹರಿಯಿತು, ಜೊತೆಗೆ ಕಳಪೆಯೂ ಬಂತು. ಡಬ್ಬಿ ತಂದ ಕೂಡಲೇ ಒಂದನ್ನು ಕತ್ತರಿಯಿಂದ ಕತ್ತರಿಸಿ ನೋಡಬೇಕು. ಹೊರಗಿನ ನೀಲಿ ಪದರಿಗೆ ನೀರು ಅಂಟುವುದಿಲ್ಲ, ಒಳಗಿನ ಬಿಳಿ ಪದರು ಬಾಯಿಯ ತೇವ ಹೀರುತ್ತದೆ, ನಡುವಿನದು ಮೆಲ್ಟ್‌ಬ್ಲೋನ್, ಅಂದರೆ ಪ್ಲಾಸ್ಟಿಕ್ಕನ್ನು ಕರಗಿಸಿ ಗಾಳಿಯಿಂದ ಊದಿ ಮಾಡಿದ ಅತಿ ಸಣ್ಣ ಎಳೆಗಳ ಪದರು. ಕಣಗಳನ್ನು ಹಿಡಿಯುವ ಕೆಲಸವೆಲ್ಲ ಈ ನಡುವಿನದರದ್ದು. ಕತ್ತರಿಸಿದಾಗ ಎರಡೇ ಪದರು ಬಂದರೆ, ಅಥವಾ ನಡುವಿನದೂ ಕೈಚೀಲದ ಬಟ್ಟೆಯಂತೆ ಜಾಳುಜಾಳಾಗಿ ಬೆಳಕು ಬಿಟ್ಟರೆ ಆ ಡಬ್ಬಿಯನ್ನು ಮರಳಿಸಿ.

ಮೂಗಿನ ತಂತಿಯನ್ನು ಹೆಚ್ಚಿನವರು ಹೆಬ್ಬೆರಳು ತೋರುಬೆರಳಿನಿಂದ ಒಮ್ಮೆ ಚಿವುಟಿ ಬಿಡುತ್ತಾರೆ. ಚಿವುಟಿದರೆ ತಂತಿ ನಡುವೆ ಮಡಚಿಕೊಂಡು ಮನೆಯ ಮಾಡಿನಂತೆ ನಿಲ್ಲುತ್ತದೆ, ಅದರ ಎರಡೂ ಇಳಿಜಾರಿನ ಕೆಳಗೆ ಸಂದು ಉಳಿಯುತ್ತದೆ. ಮಾಡಬೇಕಾದದ್ದು ಹೀಗೆ: ಎರಡೂ ಕೈಯ ತೋರುಬೆರಳುಗಳನ್ನು ಮೂಗಿನ ದಂಡೆಯ ಮೇಲೆ ಒಟ್ಟಿಗೆ ಇಟ್ಟು, ಒತ್ತುತ್ತ ಒತ್ತುತ್ತ ಕೆನ್ನೆಯ ಕಡೆಗೆ ಸರಿಸಿಕೊಂಡು ಹೋಗಬೇಕು, ತಂತಿಯ ತುದಿ ಕೆನ್ನೆಗೆ ತಾಗುವವರೆಗೆ. ಆಮೇಲೆ ಜೋರಾಗಿ ಉಸಿರು ಬಿಟ್ಟು ನೋಡಿ. ಕಣ್ಣಿಗೆ ಗಾಳಿ ತಾಗಿದರೆ ಮತ್ತೊಮ್ಮೆ ಒತ್ತಿ. ಪ್ಲಾಸ್ಟಿಕ್ ಹೊದಿಕೆಯ ಸಣ್ಣ ತಂತಿ ಹತ್ತು ನಿಮಿಷದಲ್ಲಿ ಮತ್ತೆ ನೆಟ್ಟಗಾಗುತ್ತದೆ, ಚಪ್ಪಟೆ ಅಲ್ಯೂಮಿನಿಯಂ ಪಟ್ಟಿ ಇರುವುದನ್ನೇ ಕೇಳಿ.

ಕೆನ್ನೆಯ ಪಕ್ಕದ ಸಂದು ಈ ಮಾಸ್ಕಿನ ಹುಟ್ಟುದೋಷ. ಅದಕ್ಕೆ ಗಂಟಿನ ಉಪಾಯ ಇದೆ, 2021ರ ಫೆಬ್ರುವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದನ್ನು ಪರೀಕ್ಷಿಸಿ ಪ್ರಕಟಿಸಿತು. ನೆರಿಗೆ ಬಿಡಿಸದೆ ಮಾಸ್ಕನ್ನು ಉದ್ದಕ್ಕೆ ಮಡಚಿ, ಒಂದೊಂದು ಬದಿಯ ದಾರಕ್ಕೂ ಮಾಸ್ಕಿನ ಅಂಚಿಗೆ ತಾಗಿದಂತೆ ಒಂದು ಗಂಟು ಹಾಕಿ. ಬಿಡಿಸಿದಾಗ ಪಕ್ಕದಲ್ಲಿ ಜೇಬಿನಂತೆ ಬಾಯಿ ತೆರೆಯುತ್ತದೆ, ಅದನ್ನು ಒಳಗೆ ಮಡಚಿ ತುರುಕಿ. ಗಂಟು ಅಂಚಿನಿಂದ ಒಂದು ಬೆರಳು ದೂರ ಬಿದ್ದರೂ ಉಪಯೋಗವಿಲ್ಲ. ದೊಡ್ಡ ಮುಖದವರಿಗೆ ಗಂಟು ಹಾಕಿದ ಮೇಲೆ ಮಾಸ್ಕ್ ಚಿಕ್ಕದಾಗಿ ಗದ್ದ ಹೊರಗೆ ಉಳಿಯುತ್ತದೆ; ಅವರು ಇದನ್ನು ಮಾಡದೆ ಮೇಲೊಂದು ಬಟ್ಟೆ ಮಾಸ್ಕ್ ಹಾಕುವುದು ಮೇಲು. ಎರಡು ನೀಲಿ ಮಾಸ್ಕ್ ಒಂದರ ಮೇಲೊಂದು ಹಾಕಿದರೆ ಸಂದು ಹಾಗೇ ಉಳಿಯುತ್ತದೆ, ಉಸಿರಾಟ ಮಾತ್ರ ಭಾರವಾಗುತ್ತದೆ.

ಮಾತಾಡುವಾಗ ಮಾಸ್ಕ್ ಮೂಗಿನಿಂದ ಜಾರುವುದಕ್ಕೂ ಕಾರಣ ಅಳತೆಯೇ. ಸಾಮಾನ್ಯವಾಗಿ ದೊಡ್ಡವರ ಮಾಸ್ಕ್ 17.5 ಸೆಂ.ಮೀ. ಅಗಲ, ನೆರಿಗೆ ಮುಚ್ಚಿದಾಗ 9.5 ಸೆಂ.ಮೀ. ಎತ್ತರ ಇರುತ್ತದೆ. ನೆರಿಗೆಗಳನ್ನು ಪೂರ್ತಿ ಬಿಡಿಸಿ ಕೆಳ ಅಂಚನ್ನು ಗದ್ದದ ಅಡಿಗೆ ಸೇರಿಸಿ, ಬಾಯಿ ಆ ಎಂದು ತೆರೆದು ನೋಡಿ. ಆಗಲೂ ಜಾರಿದರೆ ಆ ಅಳತೆ ನಿಮಗಲ್ಲ. ಗಿರಾಕಿಗಳ ಜೊತೆ ದಿನವಿಡೀ ಮಾತಾಡುವ ಅಂಗಡಿಕಾರರಿಗೆ ಈ ಒಂದು ಪರೀಕ್ಷೆಯಿಂದ ಎಷ್ಟೋ ಕಿರಿಕಿರಿ ತಪ್ಪುತ್ತದೆ.

ಚಾಳೀಸಿನ ಮಂಜು

ಚಿಗರಿ ಬಸ್ಸಿನ ಎ.ಸಿ.ಯಲ್ಲಿ ಗಾಜು ತಣ್ಣಗಾಗಿರುತ್ತದೆ, ಉಸಿರಿನ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಹಿಡಿಯುವ ಮಂಜು ಬೇರೆ. ಅದು ಹೊರಗಿನ ತೇವದ್ದು, ಮಾಸ್ಕ್ ತೆಗೆದರೂ ಇರುತ್ತದೆ, ಒಂದೆರಡು ನಿಮಿಷದಲ್ಲಿ ತಾನೇ ಹೋಗುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡು ಮಾಸ್ಕನ್ನು ಕಿತ್ತೆಸೆದವರು ಬಹಳ.

ಮೊದಲು ತಂತಿ ಸರಿಮಾಡಿ, ಚಾಳೀಸಿನ ಮೂಗುಪಟ್ಟಿ ಮಾಸ್ಕಿನ ಮೇಲೆ ಕೂರುವಂತೆ ಹಾಕಿ. ಸಾಲದಿದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ನೀರಿನಲ್ಲಿ ಕಲಸಿ ಗಾಜಿಗೆ ಸವರಿ, ಒರೆಸದೆ ಒಣಗಲು ಬಿಡಿ, ಆಮೇಲೆ ಮೆತ್ತಗಿನ ಬಟ್ಟೆಯಿಂದ ಹಗುರಾಗಿ ಒರೆಸಿ. ಸಾಬೂನಿನ ತೆಳು ಪೊರೆ ಉಳಿದಿರುವುದರಿಂದ ತೇವ ಹನಿಗಟ್ಟದೆ ಹರಡಿಕೊಳ್ಳುತ್ತದೆ, ಕಣ್ಣಿಗೆ ಅಡ್ಡ ಬರುವುದಿಲ್ಲ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದವರೆಗೆ ಬರುತ್ತದೆ. ದವಾಖಾನೆಯ ಮೈಕ್ರೋಪೋರ್ ಟೇಪನ್ನು ಎಂಟು ಹತ್ತು ಸೆಂ.ಮೀ. ಕತ್ತರಿಸಿ ಅರ್ಧ ಮಾಸ್ಕಿಗೆ, ಅರ್ಧ ಮೂಗಿಗೆ ಅಂಟಿಸುವುದು ಎಲ್ಲಕ್ಕಿಂತ ಬಿಗಿ, ಆದರೆ ಮೇ ತಿಂಗಳ ಬೆವರಿಗೆ ಅದು ತಾಸೊಪ್ಪತ್ತಿನಲ್ಲಿ ಬಿಟ್ಟುಕೊಳ್ಳುತ್ತದೆ. ಎ.ಸಿ. ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಸರಿ.

ಕಿವಿ

ಕಿವಿಯ ಬುಡದಲ್ಲಿ ಚಾಳೀಸಿನ ಕಡ್ಡಿ ಮತ್ತು ಮಾಸ್ಕಿನ ಇಲಾಸ್ಟಿಕ್ ಎರಡೂ ಒಂದೇ ಜಾಗಕ್ಕೆ ಒತ್ತುತ್ತವೆ. ದಾರವನ್ನು ಕಿವಿಯಿಂದ ಬಿಡಿಸಿ ತಲೆಯ ಹಿಂದಕ್ಕೆ ಒಯ್ಯುವುದೊಂದೇ ಪರಿಹಾರ. ಎರಡು ಬೆರಳಗಲದ ಲಾಡಿಯ ತುಂಡು ತೆಗೆದುಕೊಂಡು ಎರಡೂ ತುದಿಗೆ ಒಂದೊಂದು ದೊಡ್ಡ ಗುಂಡಿ ಹೊಲಿಯಿರಿ. ಗುಂಡಿಗಳ ನಡುವೆ 10ರಿಂದ 12 ಸೆಂ.ಮೀ. ಅಂತರ ಇದ್ದರೆ ಹೆಚ್ಚಿನವರ ತಲೆಗೆ ಸರಿಹೋಗುತ್ತದೆ. ಲಾಡಿ ಕತ್ತಿನ ಮೇಲ್ಭಾಗಕ್ಕೆ ಕೂರಲಿ, ದಾರಗಳನ್ನು ಗುಂಡಿಗೆ ಸಿಕ್ಕಿಸಿ. ಜಡೆ ಅಥವಾ ತುರುಬು ಇದ್ದವರು ಲಾಡಿಯನ್ನು ತುರುಬಿನ ಕೆಳಗೆ ಹಾಯಿಸಬೇಕು, ಮೇಲೆ ಹಾಕಿದರೆ ಜಾರುತ್ತದೆ. ಶ್ರವಣಯಂತ್ರ ಹಾಕಿಕೊಳ್ಳುವ ಹಿರಿಯರಿಗೆ ಇದು ಬೇಕೇ ಬೇಕು. ಕಿವಿಯಿಂದ ಮಾಸ್ಕ್ ತೆಗೆಯುವಾಗ ಯಂತ್ರವೂ ಕಿತ್ತುಬಂದು ರಸ್ತೆಯಲ್ಲಿ ಬಿದ್ದರೆ ಸಾವಿರಾರು ರೂಪಾಯಿ ಹೋದಂತೆಯೇ.

ತಲೆಗೆ ಹಾಕುವ ಎಫ್‌ಎಫ್‌ಪಿ2 (5ಕ್ಕೆ 4.5)

ಕೊನೆಗೆ ಉಳಿದದ್ದು ಇದು. ಮೆಡಿಕಲ್ ಅಂಗಡಿಯಲ್ಲಿ ಬರೀ "ಎನ್95 ಕೊಡ್ರೀ" ಎಂದರೆ ಕಿವಿಗೆ ಹಾಕುವ ಯಾವುದೋ ಒಂದನ್ನು ಕೊಡುತ್ತಾರೆ. "ಕಿವೀಗೆ ಹಾಕೋದು ಬ್ಯಾಡ್ರೀ, ತಲೀಗೆ ಹಾಕೋದು ಕೊಡ್ರೀ, ಐಎಸ್‌ಐ ಇರ್ಬೇಕು" ಎಂದು ಬಿಡಿಸಿ ಕೇಳಬೇಕು. ನಮ್ಮ ದೇಶದ ಗುಣಮಟ್ಟದ ಸಂಖ್ಯೆ ಐಎಸ್ 9473. ಮಾಸ್ಕಿನ ಮೇಲೆಯೇ ಐಎಸ್‌ಐ ಗುರುತು, ಈ ಸಂಖ್ಯೆ, ಎಫ್‌ಎಫ್‌ಪಿ2 ಎಂಬ ದರ್ಜೆ ಮೂರೂ ಅಚ್ಚಾಗಿರಬೇಕು. ಎಫ್‌ಎಫ್‌ಪಿ2 ಎಂದರೆ ಕನಿಷ್ಠ 94 ಶೇಕಡಾ ಸೋಸುವಿಕೆ, ಅಮೆರಿಕದ ಎನ್95 ಎಂದರೆ 95. ಆ ಒಂದು ಶೇಕಡಾದ ಫರಕು ದೊಡ್ಡದಲ್ಲ. ಕಿವಿಯ ದಾರದ್ದಕ್ಕೂ ತಲೆಯ ಪಟ್ಟಿಯದ್ದಕ್ಕೂ ಬಿಗಿಯಲ್ಲಿ ಇರುವ ಫರಕೇ ದೊಡ್ಡದು.

ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ. ಎರಡನ್ನೂ ಕತ್ತಿಗೇ ಇಳಿಸಿಕೊಂಡರೆ ಮೂಗಿನ ಹತ್ತಿರ ಬಾಯಿ ಬಿಡುತ್ತದೆ. ಎರಡೂ ಅಂಗೈಯನ್ನು ಮಾಸ್ಕಿನ ಮೇಲೆ ಬೊಗಸೆಯಂತೆ ಇಟ್ಟು ಉಸಿರು ಬಿಡಿ, ಅಂಚಿನಲ್ಲಿ ಗಾಳಿ ತಾಗಬಾರದು. ಗಡ್ಡ ಇದ್ದರೆ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ, ಎರಡು ದಿನದ ಕುರುಚಲು ಕೂಡ ಅಂಚನ್ನು ಎತ್ತುತ್ತದೆ.

ಇದನ್ನು ತೊಳೆಯಬಾರದು. ನಡುವಿನ ಪದರಿಗೆ ಸ್ಥಿರ ವಿದ್ಯುತ್ತು ತುಂಬಿರುತ್ತಾರೆ, ಅದೇ ಸಣ್ಣ ಕಣಗಳನ್ನು ಸೆಳೆದು ಹಿಡಿಯುವುದು. ಸಾಬೂನು, ಸ್ಯಾನಿಟೈಸರ್, ಸ್ಪಿರಿಟ್ ತಾಗಿದರೆ ಆ ಶಕ್ತಿ ಹೋಗುತ್ತದೆ, ಮಾಸ್ಕ್ ಮಾತ್ರ ಹೊಸದರಂತೆಯೇ ಕಾಣುತ್ತದೆ. ಹಾಗಾಗಿಯೇ ಎಷ್ಟೋ ಮನೆಗಳಲ್ಲಿ ತೊಳೆದು ಒಣಹಾಕಿದ ಎನ್95ಗಳನ್ನು ನಂಬಿಕೊಂಡು ತಿಂಗಳುಗಟ್ಟಲೆ ಓಡಾಡಿದರು. ಇಸ್ತ್ರಿಯಂತೂ ಬೇಡವೇ ಬೇಡ, ಮಾಸ್ಕಿನ ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ ಕರಗುತ್ತದೆ. ಐದು ಮಾಸ್ಕ್ ಇಟ್ಟುಕೊಂಡು ದಿನಕ್ಕೊಂದರಂತೆ ಸುತ್ತು ಹಾಕುವುದು ಸರಿಯಾದ ಕ್ರಮ. ಒಂದೊಂದಕ್ಕೂ ಕಿರಾಣಿ ಅಂಗಡಿಯ ಕಾಗದದ ಚೀಲ, ಮೇಲೆ ವಾರದ ಹೆಸರು. ಪ್ಲಾಸ್ಟಿಕ್ ಚೀಲದಲ್ಲಿ ತೇವ ಆರುವುದಿಲ್ಲ, ಮುಗ್ಗು ವಾಸನೆ ಬರುತ್ತದೆ. ಐದು ಸಲ ಬಳಸಿದ್ದನ್ನು, ಅದಕ್ಕಿಂತ ಮೊದಲೇ ಪಟ್ಟಿ ಸಡಿಲಾದದ್ದನ್ನು ಬಿಟ್ಟುಬಿಡಿ.

ಅರ್ಧ ಅಂಕ ಕಡಿಮೆ ಮಾಡಿದ್ದು ಝಳಕ್ಕೆ. ಏಪ್ರಿಲ್ ಮೇ ತಿಂಗಳಲ್ಲಿ ನಾಲ್ಕು ತಾಸು ಆದಮೇಲೆ ಒಳಗೆ ಬೆವರು ಹನಿಗಟ್ಟುತ್ತದೆ, ಉಸಿರು ಎಳೆಯಲು ಬಲ ಬೇಕಾಗುತ್ತದೆ. ಆಗ ಆಮ್ಲಜನಕ ಕಡಿಮೆಯಾಗುತ್ತಿದೆ ಎಂದು ಹೆದರುವವರಿದ್ದಾರೆ. ಆಮ್ಲಜನಕದ ಅಣುವಿಗೆ ಈ ಬಟ್ಟೆಯ ಸಂದು ಹೆಬ್ಬಾಗಿಲಿನಷ್ಟು ದೊಡ್ಡದು. 2021ರಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿಕೊಂಡರೆ ಆ ಹೆದರಿಕೆ ಹೋಗುತ್ತದೆ. ಕಾಡುವುದು ತೇವ ಮತ್ತು ಕಾವು. ಜನರಿಂದ ದೂರ, ಬಯಲಿಗೆ ಹೋಗಿ ಐದು ನಿಮಿಷ ತೆಗೆದು, ಮುಖ ಒರೆಸಿಕೊಂಡು, ಒಣಗಿದ ಇನ್ನೊಂದನ್ನು ಹಾಕಿ. ದಮ್ಮಿನ ಕಾಯಿಲೆ ಇರುವವರು ತಮ್ಮ ಡಾಕ್ಟರನ್ನು ಕೇಳಿಯೇ ಆರಿಸಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ಮಾಸ್ಕೂ ಬೇಡ.

ಕವಾಟದ ಎನ್95 ಮತ್ತು ಬ್ಯಾಡಗಿ

ಮುಂದೆ ದುಂಡನೆಯ ಪ್ಲಾಸ್ಟಿಕ್ ಮುಚ್ಚಳ ಇರುವುದು ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಉಸಿರು ಬಿಡುವಾಗ ಕವಾಟ ತೆರೆಯುತ್ತದೆ, ಒಳಗೆ ತಂಪು. ಆದರೆ ಆ ಉಸಿರು ಸೋಸದೆ ಎದುರಿನವರ ಮುಖಕ್ಕೆ ಹೋಗುತ್ತದೆ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು ಇದನ್ನು ಬಳಸಬೇಡಿ ಎಂದದ್ದು ಇದಕ್ಕೇ. ಸೋಂಕಿನ ಕಾಲಕ್ಕೆ ಸೊನ್ನೆ ಅಂಕ.

ಮೆಣಸಿನಕಾಯಿ ಪೇಟೆಗೆ ಬಂದರೆ ಇದೇ ಮಾಸ್ಕ್ ಬೇಷ್. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎನ್ನುತ್ತಾರೆ, ಆದರೆ ಸುಗ್ಗಿಯಲ್ಲಿ ಚೀಲ ಸುರಿಯುವಾಗ, ತೊಟ್ಟು ತೆಗೆಯುವಾಗ ಏಳುವ ಘಾಟು ಸೆರಗಿಗೆ, ಟಾವೆಲ್ಲಿಗೆ ನಿಲ್ಲುವುದಿಲ್ಲ. ಅಲ್ಲಿ ಸಾಲಾಗಿ ಕೂತು ತೊಟ್ಟು ತೆಗೆಯುವ ಹೆಣ್ಣುಮಕ್ಕಳಿಗೆ ಸಿಗುವುದು ಹೆಚ್ಚಾಗಿ ಆ ಸೆರಗೇ. ಅವರಿಗೆ ಮಾಸ್ಕ್ ಕೊಡಿಸುವುದು ಕೆಲಸ ಕೊಡುವವರ ಹೊಣೆ. ಒಂದು ಎಚ್ಚರಿಕೆ: ಮೆಣಸಿನಕಾಯಿ ಮುಟ್ಟಿದ ಕೈಯಿಂದ ಮಾಸ್ಕಿನ ಪಟ್ಟಿ ಸರಿಮಾಡಿದರೆ ಕಿವಿಯ ಹಿಂದೆ, ಕತ್ತಿನಲ್ಲಿ ಉರಿ ಹತ್ತುತ್ತದೆ. ಬರೀ ನೀರಿನಿಂದ ಆ ಉರಿ ಹೋಗದು. ಖಾರದ ಅಂಶ ಎಣ್ಣೆಯಲ್ಲಿ ಕರಗುವುದರಿಂದ ಮೊದಲು ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸಾಬೂನು ಹಚ್ಚಿ ತೊಳೆಯಬೇಕು. ಹೊರಗೆ ಕೆಂಪು ಪುಡಿ ಹತ್ತಿದ ಮಾಸ್ಕನ್ನು ಝಾಡಿಸಿ ಮತ್ತೆ ಹಾಕಬೇಡಿ, ಝಾಡಿಸಿದ ಪುಡಿ ಒಳಬದಿಗೂ ಕೂರುತ್ತದೆ.

ಬಟ್ಟೆ ಮಾಸ್ಕ್ (ಹೊಲಿಸಿದ್ದಕ್ಕೆ 3, ರಸ್ತೆಬದಿಯದ್ದಕ್ಕೆ 1)

2020ರ ಅಕ್ಟೋಬರ್‌ನಲ್ಲಿ ಮಾಸ್ಕ್ ಹಾಕದವರಿಗೆ ರಾಜ್ಯದಲ್ಲಿ ದಂಡ ನಗರದಲ್ಲಿ 250, ಹಳ್ಳಿಯಲ್ಲಿ 100 ರೂಪಾಯಿ ಎಂದು ನಿಂತ ಮೇಲೆ ದಂಡಕ್ಕೆ ಹೆದರಿ ಕಿಸೆಯಲ್ಲಿ ಇಟ್ಟುಕೊಂಡ ಬನಿಯನ್ ಬಟ್ಟೆಯ ಮಾಸ್ಕ್‌ಗಳನ್ನು ಮುಖಕ್ಕೆ ಎಳೆದರೆ ಹೆಣಿಗೆಯ ಕಣ್ಣು ತೆರೆದುಕೊಳ್ಳುತ್ತದೆ. ಅವುಗಳ ಬಗ್ಗೆ ಇಷ್ಟು ಸಾಕು.

ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗ, ಬೆಂಗೇರಿ ಪಕ್ಕದಲ್ಲೇ ಇರುವಾಗ ಖಾದಿ ಮಾಸ್ಕ್ ಹೊಲಿಸುವ ಆಸೆ ಸಹಜ. ಖಾದಿ ಬೆವರು ಹೀರುತ್ತದೆ, ಮೈಗೆ ಹಿತ, ಒಳಪದರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೈನೂಲಿನ ನೇಯ್ಗೆಯಲ್ಲಿ ಸಂದು ಇರುತ್ತದೆ, ಬಿಸಿಲಿಗೆ ಹಿಡಿದರೆ ಕಾಣುತ್ತದೆ. ನಡುವೆ ಮದುವೆಮನೆಯಲ್ಲಿ ಕೊಡುವ ಕೈಚೀಲದಂಥ ಪಾಲಿಪ್ರೊಪಿಲಿನ್ ಬಟ್ಟೆ, ಹೊರಗೆ ಪಾಲಿಯೆಸ್ಟರ್ ಮಿಶ್ರ ಒತ್ತು ನೇಯ್ಗೆಯದು ಹಾಕಿ. ಒಳಗೆ ಹತ್ತಿ, ಹೊರಗೆ ಪಾಲಿಯೆಸ್ಟರ್ ಎಂಬ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಜೂನ್‌ನಲ್ಲಿ ಹೇಳಿತ್ತು. ಖಾದಿಯನ್ನು ಮೊದಲು ತೊಳೆದು ಒಣಗಿಸಿ ಕುಗ್ಗಿಸಿಕೊಂಡೇ 25 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಇಲಾಸ್ಟಿಕ್ ಬದಲು ಲಾಡಿ ಇಡಿಸಿ. ಬಿಸಿನೀರಿನ ತೊಳೆತಕ್ಕೆ ಇಲಾಸ್ಟಿಕ್ ತಿಂಗಳೊಪ್ಪತ್ತಿನಲ್ಲಿ ಸತ್ತುಹೋಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದು ಎರಡು ದಿನವಾದರೂ ಒಣಗದು, ನಾಲ್ಕಾದರೂ ಇರಬೇಕು. ಸಾಬೂನಿನ ಅಂಶ ಉಳಿದರೆ ಗದ್ದದಲ್ಲಿ ಕೆಂಪು ಗುಳ್ಳೆ ಏಳುತ್ತವೆ, ಎರಡು ಸಲ ಜಾಲಿಸಿ.

ಫೇಸ್ ಶೀಲ್ಡ್ ಒಂದನ್ನೇ ಹಾಕಿದರೆ ಕೆಳಗಿನಿಂದ, ಪಕ್ಕದಿಂದ ಗಾಳಿ ಓಡಾಡುತ್ತದೆ, ತನ್ನ ಮಾತು ತನಗೇ ಗುಂಯ್ ಎನ್ನುತ್ತದೆ. ಮಾಸ್ಕಿನ ಮೇಲೆ ಹಾಕಿದರೆ ಉಪಯೋಗ.

ಬಳಸಿದ್ದನ್ನು ದಾರ ಕತ್ತರಿಸಿ, ಕಾಗದದ ಚೀಲದಲ್ಲಿ 72 ತಾಸು ಇಟ್ಟು, ಆಮೇಲೆ ಕಸದ ಗಾಡಿಯ ಒಣಕಸಕ್ಕೆ ಹಾಕಿ. ಕತ್ತರಿಸದೆ ಎಸೆದದ್ದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

2021ರಲ್ಲಿ ಕೊಂಡು ಮೂಲೆಯಲ್ಲಿ ಉಳಿದ ಡಬ್ಬಿಗಳು ಹಲವು ಮನೆಗಳಲ್ಲಿವೆ. ಡಬ್ಬಿಯ ಮೇಲಿನ ಅವಧಿ ನೋಡಿ, ಆಮೇಲೆ ಒಂದರ ಪಟ್ಟಿಯನ್ನು ಎರಡರಷ್ಟು ಉದ್ದಕ್ಕೆ ಎಳೆದು ಬಿಡಿ. ಚಟಕ್ಕನೆ ಮೊದಲಿನ ಅಳತೆಗೆ ಮರಳದಿದ್ದರೆ, ಅಥವಾ ಮೂಗಿನ ಕೆಳಗಿನ ಸ್ಪಂಜಿನ ಪಟ್ಟಿ ಬೆರಳಿಗೆ ಪುಡಿಯಾಗಿ ಹತ್ತಿದರೆ, ಆ ಡಬ್ಬಿ ಗೋಡೆಗೆ ಸುಣ್ಣ ಬಳಿಯುವ ಮುಂಚೆ ಕೆರೆಯುವ ಕೆಲಸಕ್ಕೂ ಬೇಡ.