ಕರಾವಳಿಯ ಮಳೆಗೆ ಯಾವ ಲಿಲ್ಲಿ? ಏಷಿಯಾಟಿಕ್, ಅಮರಿಲ್ಲಿಸ್, ಮೇ ಹೂ, ಮಳೆ ಲಿಲ್ಲಿ

ಮಂಗಳೂರು, ಉಡುಪಿ ಕಡೆ ಲಿಲ್ಲಿ ಗಡ್ಡೆ ಸತ್ತರೆ ಎಲ್ಲರೂ ಬೇಸಿಗೆಯನ್ನು ದೂರುತ್ತಾರೆ. ಏಪ್ರಿಲ್ ಬಿಸಿಲಿಗೆ ಎಲೆ ಸುಡುವುದು ನಿಜ, ಹೂವು ಬೇಗ ಬಾಡುವುದೂ ನಿಜ. ಆದರೆ ಆಗ ಚಟ್ಟಿ ಕವುಚಿ ನೋಡಿದರೆ ಗಡ್ಡೆ ಗಟ್ಟಿಯಾಗಿಯೇ ಇರುತ್ತದೆ. ಅದು ಕೊಳೆಯುವುದು ಜೂನ್, ಜುಲೈಯಲ್ಲಿ, ವಾರಗಟ್ಟಲೆ ಒದ್ದೆ ಮಣ್ಣಿನಲ್ಲಿ ಕೂತು. ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ ಮಳೆ ಸುರಿಯುವ ಊರಿನಲ್ಲಿ ಗಡ್ಡೆ ಆರಿಸುವಾಗ ಮೊದಲು ಕೇಳಬೇಕಾದ್ದು ಮಳೆಗಾಲದ ಪ್ರಶ್ನೆಯನ್ನೇ. ಇಲ್ಲಿಯ ಅಂಗಳದಲ್ಲೂ ಇಳಿಮಾಡಿನಡಿಯಲ್ಲೂ ನೆಟ್ಟು ನೋಡಿದ ಬಗೆಗಳನ್ನು ಆ ಲೆಕ್ಕದಲ್ಲೇ ಪಕ್ಕಪಕ್ಕ ಇಟ್ಟಿದ್ದೇವೆ.

ಹೂಗುಚ್ಛದ ಅಂಗಡಿಯಲ್ಲಿ ಕಾಣುವ ಏಷಿಯಾಟಿಕ್, ಓರಿಯೆಂಟಲ್ ಲಿಲ್ಲಿಗಳೇ ನಿಜವಾದ ಲಿಲ್ಲಿಗಳು. ಇವು ಮತ್ತೆ ಹೂಬಿಡಲು ಗಡ್ಡೆಗೆ 6ರಿಂದ 8 ವಾರ 2–5 ಡಿಗ್ರಿ ತಂಪು ಸಿಗಬೇಕು. ನಮ್ಮ ಮಣ್ಣಿಗೆ ಡಿಸೆಂಬರ್ ರಾತ್ರಿಯಲ್ಲೂ ಆ ತಂಪು ಬರುವುದಿಲ್ಲ. ಮಾರಾಟಕ್ಕೆ ಬರುವ ಗಡ್ಡೆ ತಂಪು ಮುಗಿಸಿಕೊಂಡೇ ಬಂದಿರುವುದರಿಂದ ಮೊದಲ ಹೂವು ಖಂಡಿತ. ಕಷ್ಟ ಶುರುವಾಗುವುದು ಎರಡನೇ ವರ್ಷ. ನೆಡಲು ನವೆಂಬರ್ ಸರಿ. 10 ಇಂಚಿನ ಚಟ್ಟಿಗೆ ಮೂರು ಗಡ್ಡೆ, ಗಡ್ಡೆಯ ಮೇಲೆ 10–12 ಸೆಂ.ಮೀ. ಮಣ್ಣು. ಕಾಂಡದ ಬುಡದಿಂದಲೂ ಬೇರು ಬಿಡುವ ಗಿಡವಿದು, ಮೇಲಕ್ಕೆ ನೆಟ್ಟರೆ ಆ ಬೇರಿಗೆ ಜಾಗವಿಲ್ಲದೆ ಗಿಡ ವಾಲುತ್ತದೆ. ಎರಡು ಸಲ ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಹೊಳೆ ಹೊಯಿಗೆ ಒಂದು, ಕಾಂಪೋಸ್ಟ್ ಒಂದು. ಬೆಳಗ್ಗಿನ ಬಿಸಿಲು ಸಾಕು. ಮಧ್ಯಾಹ್ನದ ಬಿಸಿಲು ಬಿದ್ದರೆ ಕಾಂಡ ಗಿಡ್ಡವಾಗುತ್ತದೆ, ತೀರಾ ನೆರಳಾದರೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಏಷಿಯಾಟಿಕ್ ಎರಡು–ಎರಡೂವರೆ ತಿಂಗಳಲ್ಲಿ ಅರಳಿದರೆ ಓರಿಯೆಂಟಲ್‌ಗೆ ಮೂರು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಸೆಕೆ ಏರಿರುತ್ತದೆ, ಹಾಗಾಗಿ ಅದನ್ನು ಇಲ್ಲಿಗೆ ಹೇಳುವುದಿಲ್ಲ. ಲಾಂಜಿಫ್ಲೋರಮ್ ಎಂಬ ಬಿಳಿ ಲಿಲ್ಲಿಗೆ ಏಷಿಯಾಟಿಕ್ ಬೆರೆಸಿ ಮಾಡಿದ ಎಲ್‌ಎ ತಳಿಗಳು ಸೆಕೆ ತುಸು ಹೆಚ್ಚು ತಾಳುತ್ತವೆ.

ಹೂ ಮುಗಿದ ಗಡ್ಡೆಯನ್ನು ತೇವದ ನಾರಿನ ಪುಡಿಯಲ್ಲಿಟ್ಟು, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಸೆಪ್ಟೆಂಬರ್‌ನಿಂದ ಎರಡು ತಿಂಗಳು ಫ್ರಿಜ್‌ನಲ್ಲಿಡಬಹುದು. ಬಾಳೆಹಣ್ಣು, ಸೇಬಿನ ಹತ್ತಿರ ಬೇಡ, ಹಣ್ಣಿನಿಂದ ಹೊರಡುವ ಎಥಿಲೀನ್ ಮೊಗ್ಗನ್ನು ಕೆಡಿಸುತ್ತದೆ. ಇಷ್ಟು ಮಾಡಿದರೂ ಎರಡನೇ ವರ್ಷ ಒಂದೆರಡು ಹೂವಿಗೆ ಮೇಲಿಲ್ಲ. ಸೆಕೆಗೆ ಎಲೆ ಬೇಗ ಒಣಗಿ ಗಡ್ಡೆ ದಪ್ಪವಾಗುವುದೇ ಇಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡ ತರಲೇಬಾರದು. ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹಾಳಾಗುತ್ತದೆ.

ಅಮರಿಲ್ಲಿಸ್ ಎಂದು ನರ್ಸರಿಯಲ್ಲಿ ಕೊಡುವುದು ಹಿಪ್ಪಿಯಾಸ್ಟ್ರಮ್. ಬೇರೆ ಕುಟುಂಬದ ಗಿಡ, ತಂಪಿನ ಹಂಗಿಲ್ಲ. ಇದಕ್ಕೆ ಬೇಕಾದ್ದು ಒಣ ವಿಶ್ರಾಂತಿ. ನೆಡುವ ಕ್ರಮ ಏಷಿಯಾಟಿಕ್‌ಗೆ ಪೂರ್ತಿ ಉಲ್ಟಾ: ಗಡ್ಡೆಯ ಅರ್ಧಭಾಗ ಮಣ್ಣಿನ ಮೇಲೆಯೇ ಇರಬೇಕು. ಕುತ್ತಿಗೆ ಮುಚ್ಚಿ ನೆಟ್ಟದ್ದು ಆಟಿ ಮುಗಿಯುವುದರೊಳಗೆ ಮೆತ್ತಗಾಗಿ ನಾರುತ್ತದೆ. ಮಣ್ಣಿಗೆ ನಾರಿನ ಪುಡಿ ಸೇರಿಸಬೇಡಿ, ಮಳೆಗಾಲದಲ್ಲಿ ಅದು ನೀರು ಬಿಡುವುದಿಲ್ಲ. ಕೆಂಪುಮಣ್ಣು ಎರಡು ಪಾಲು, ಹೊಯಿಗೆ ಎರಡು, ಹಳೆಯ ಹಟ್ಟಿಗೊಬ್ಬರ ಒಂದು, ಚಟ್ಟಿಗೊಂದು ಮುಷ್ಟಿ ಬೇವಿನ ಹಿಂಡಿ. ತೂತಿಗೆ ಒಂದೇ ಒಂದು ಹಂಚಿನ ಚೂರು ಸಾಕು. ಅಡಿಯಲ್ಲಿ ಜಲ್ಲಿ ತುಂಬಿಸಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವುದು ತಪ್ಪು, ಒದ್ದೆ ಮಣ್ಣಿನ ಪದರ ಅಷ್ಟು ಮೇಲೇರಿ ಗಡ್ಡೆಗೆ ಹತ್ತಿರವಾಗುತ್ತದೆ, ಅಷ್ಟೇ.

ಜೂನ್‌ನಿಂದ ಆಗಸ್ಟ್‌ವರೆಗೆ ಚಟ್ಟಿಯನ್ನು ಮಾಡಿನ ಅಂಚಿಗೆ, ಬೆಳಕು ಬೀಳುವಲ್ಲಿ ಇಡಿ. ಎಲೆ ಕತ್ತರಿಸಬೇಡಿ. ಈ ಗಡ್ಡೆಯೊಳಗೆ ಸುಮಾರು ನಾಲ್ಕು ಎಲೆಗೊಂದರಂತೆ ಹೂಗೊಂಚಲು ಹುಟ್ಟುತ್ತದೆ, ಮಳೆಗಾಲದ ಎಲೆಯೇ ಮುಂದಿನ ಹೂವು. ಡಿಸೆಂಬರ್‌ನಿಂದ ನೀರು ನಿಲ್ಲಿಸಿ, ಎರಡು ತಿಂಗಳ ಮೇಲೆ ಒಮ್ಮೆ ಚೆನ್ನಾಗಿ ಹೊಯ್ಯಿರಿ. ಮಾರ್ಚ್, ಏಪ್ರಿಲ್‌ನಲ್ಲಿ ದಂಟು ಬರುತ್ತದೆ. ಮರಿಗಡ್ಡೆ ಹೂಬಿಡಲು ಎರಡು ಮೂರು ವರ್ಷ.

ತೊಂದರೆ ಎರಡು. ಎಲೆ, ದಂಟಿನ ಮೇಲೆ ಕೆಂಪು ಗೀರು, ಮಚ್ಚೆ ಬರುವುದು ಶಿಲೀಂಧ್ರ ರೋಗ, ಎಲೆ ಒದ್ದೆ ಇದ್ದಷ್ಟೂ ಹಬ್ಬುತ್ತದೆ. ಅಡಿಕೆಗೆ ಹೊಡೆಯುವ 1% ಬೋರ್ಡೋ ಇದಕ್ಕೂ ತಡೆಯಾಗುತ್ತದೆ: ಲೀಟರಿಗೆ 10 ಗ್ರಾಂ ಮೈಲುತುತ್ತು, 10 ಗ್ರಾಂ ಸುಣ್ಣ. ಎರಡನೆಯದು ಕಪ್ಪು ಮೈಯಲ್ಲಿ ಬಿಳಿ, ಕಿತ್ತಳೆ ಚುಕ್ಕೆಯ ಹುಳು. ಮೊದಲ ಮಳೆಯ ಬೆನ್ನಿಗೇ ಬಂದು ಎಲೆ ಮುಗಿಸಿ ಗಡ್ಡೆಗೂ ಇಳಿಯುತ್ತದೆ. ಕೈಯಲ್ಲಿ ಹೆಕ್ಕುವುದೇ ಗಟ್ಟಿ ಉಪಾಯ. ಮರಿಹುಳುವಿಗೆ ಮಾತ್ರ ಬೇವಿನೆಣ್ಣೆ ನಾಟುತ್ತದೆ, ಲೀಟರಿಗೆ 5 ಮಿ.ಲೀ., ಸ್ವಲ್ಪ ಸಾಬೂನು ಬೆರೆಸಿ.

ಕೆಂಪು ಚೆಂಡಿನಂಥ ಮೇ ಹೂವಿಗೆ ಇಷ್ಟೊಂದು ಆರೈಕೆ ಬೇಡ. ಆಫ್ರಿಕಾ ಮೂಲದ ಈ ಗಡ್ಡೆ ಬೇಸಿಗೆ ಮಳೆ ತಾಗಿದ ಕೂಡಲೇ ಏಳುತ್ತದೆ, ಮಳೆಗಾಲವಿಡೀ ಎಲೆ ಬಿಡುತ್ತದೆ, ಚಳಿಗಾಲದಲ್ಲಿ ತಾನೇ ಒಣಗಿ ಮಲಗುತ್ತದೆ. ನಮ್ಮ ಪಂಚಾಂಗಕ್ಕೆ ಇಷ್ಟು ಸರಿಯಾಗಿ ಹೊಂದುವ ಗಡ್ಡೆ ಇನ್ನೊಂದಿಲ್ಲ. ಗಡ್ಡೆಗೊಂದೇ ಚೆಂಡು, ಹೂವು ಸುಮಾರು ಒಂದು ವಾರ. ಇಳಿಜಾರಿನ ನೆಲದಲ್ಲಿ ನೆಟ್ಟು ಆಮೇಲೆ ಕದಲಿಸಬೇಡಿ, ಕಿತ್ತು ನೆಟ್ಟ ವರ್ಷ ಹೂಬಿಡದೇ ಹೋಗಬಹುದು.

ಮಳೆ ಲಿಲ್ಲಿ ಎಲ್ಲಕ್ಕಿಂತ ಸುಲಭ. 8 ಇಂಚಿನ ಚಟ್ಟಿಗೆ ಹತ್ತು ಗಡ್ಡೆ, 3–4 ಸೆಂ.ಮೀ. ಆಳ. ಎರಡು ವಾರ ಒಣಗಿಸಿ ನೀರು ತುಂಬ ಕೊಟ್ಟರೆ ಕೆಲವೇ ದಿನದಲ್ಲಿ ಒಟ್ಟಿಗೆ ಅರಳುತ್ತದೆ. ಒಂದೊಂದು ಹೂವು ಒಂದೆರಡು ದಿನ ಮಾತ್ರ.

ಮಲ್ಪೆ, ಸುರತ್ಕಲ್‌ನಂಥ ಕಡಲಂಚಿನ ಮನೆಗೆ, ಉಪ್ಪುಗಾಳಿ ಹೊಡೆಯುವಲ್ಲಿ, ಈ ನಾಲ್ಕೂ ಬಿಟ್ಟು ಬಿಳಿ ಸ್ಪೈಡರ್ ಲಿಲ್ಲಿಯನ್ನೇ ನೆಡಿ. ಉಪ್ಪನ್ನೂ ನಿಂತ ನೀರನ್ನೂ ತಾಳುತ್ತದೆ, ಸಂಜೆ ಅರಳಿ ಪರಿಮಳ ಬೀರುತ್ತದೆ. ಗಡ್ಡೆಗಳ ನಡುವೆ ಒಂದೂವರೆ ಅಡಿ ಬಿಟ್ಟು ಬಚ್ಚಲ ನೀರು ಹೋಗುವ ಕಣಿಯ ಬದಿಗೆ ಹಾಕಿದರೆ ಬೇರೆ ನೀರೂ ಬೇಕಿಲ್ಲ.