ಏಪ್ರಿಲ್ ಬಿಸಿಲಿಗೂ ಮೆತ್ತಗಾಗದ ಫ್ಲೈ ಲೈನ್: ತುಂಗೆಯ ದಡದಲ್ಲಿ ಕೆಲವು ವರ್ಷ ಬಳಸಿದ ಮೇಲೆ

ನಾನು ಮಾಡುವುದು ಫ್ಲೈ ಫಿಶಿಂಗ್, ಅಂದರೆ ಕೂದಲು, ಪುಕ್ಕ ಕಟ್ಟಿದ ಹಗುರ ಕೊಕ್ಕೆಯನ್ನು (ಅದೇ ಫ್ಲೈ) ದಪ್ಪ ಲೈನ್ ಬೀಸಿ ಮೀನಿನತ್ತ ಎಸೆಯುವ ಗಾಳ. ನನ್ನ ರಾಡ್ ಒಂಬತ್ತಡಿಯದು, ಎಂಟನೇ ನಂಬರಿನ ಲೈನಿಗೆ ಹೊಂದುವುದು, ನಾಲ್ಕು ತುಂಡಿನದು. ಅಂಥ ರಾಡ್‌ಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನನಗೆ ಅದರ ಮೇಲೆ ತಕರಾರೂ ಇಲ್ಲ. ನನಗೆ ಹೇಳಬೇಕಿರುವುದು ಲೈನಿನ ವಿಷಯ.

ರಾಡ್, ರೀಲ್, ಲೈನ್ ಮೂರೂ ಸೇರಿದ ಸೆಟ್ ತರಿಸಿದ್ದೆ. ಅದರಲ್ಲಿ ಬಂದ ಲೈನ್ ತಣ್ಣನೆ ನೀರಿನ ಟ್ರೌಟ್ ಮೀನಿಗೆಂದು ಮಾಡಿದ್ದು. ಆ ಮಾತು ಪೊಟ್ಟಣದ ಮೇಲೆ ಎಲ್ಲೂ ಇರಲಿಲ್ಲ. ಚಳಿಗಾಲ ಮುಗಿಯುವವರೆಗೆ ಚೆನ್ನಾಗಿಯೇ ನಡೆಯಿತು. ಮಾರ್ಚ್ ಬಂತು, ತೀರ್ಥಹಳ್ಳಿ ಕಡೆ ತುಂಗೆ ಇಳಿದು ಬಂಡೆಗಳೆಲ್ಲ ಎದ್ದವು, ಮಧ್ಯಾಹ್ನ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲಲಾಗದಷ್ಟು ಕಾವು. ಲೈನ್ ಬೇಯಿಸಿದ ಶಾವಿಗೆಯ ಹಾಗಾಯಿತು. ಬೆರಳಿಗೆ ಅಂಟುತ್ತದೆ, ರಾಡಿನ ರಿಂಗುಗಳಲ್ಲಿ ಜಾರುವುದಿಲ್ಲ, ಕಾಲ ಬಳಿ ಬಿದ್ದಲ್ಲೇ ಗಂಟು ಹಾಕಿಕೊಳ್ಳುತ್ತದೆ. ಮಡುವಿನ ಆಚೆ ಬದಿ ದೊಡ್ಡ ಮೀನು ಮರಿಮೀನುಗಳನ್ನು ಅಟ್ಟಿಸಿಕೊಂಡು ನೀರು ಒಡೆಯುತ್ತಿದ್ದರೂ ಫ್ಲೈ ಅರ್ಧ ದಾರಿಯಲ್ಲೇ ಕುಸಿದು ಬೀಳುತ್ತಿತ್ತು.

ಸ್ಪಿನ್ನಿಂಗ್ ಗಾಳದವರಿಗೆ ಇದರ ಸಂಕಟ ತಿಳಿಯಲಿಕ್ಕಿಲ್ಲ. ಅಲ್ಲಿ ಸೀಸದ ಗುಂಡೋ ಸ್ಪೂನೋ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ಹೇಳಿಕೊಳ್ಳುವಂಥ ತೂಕವೇ ಇಲ್ಲ, ಲೈನಿನ ತೂಕವೇ ಅದನ್ನು ಹೊತ್ತೊಯ್ಯಬೇಕು. ಎಂಟನೇ ನಂಬರಿನ ಲೈನ್ ಅಂದರೆ ಮೊದಲ 30 ಅಡಿ 210 ಗ್ರೇನ್, ಸುಮಾರು 13.6 ಗ್ರಾಂ ತೂಗಬೇಕು. ಆ ತೂಕ ಹಿಂದಕ್ಕೆ ಪೂರ್ತಿ ಬಿಚ್ಚಿಕೊಂಡು ರಾಡನ್ನು ಬಗ್ಗಿಸಿದರೆ ಮಾತ್ರ ಮುಂದಕ್ಕೆ ಹಾರುತ್ತದೆ. ಲೈನ್ ಜಾರದಿದ್ದರೆ ಎಷ್ಟು ದುಬಾರಿ ರಾಡ್ ಇದ್ದೂ ಪ್ರಯೋಜನವಿಲ್ಲ.

ಬೇರೆ ದಾರಿ ಕಾಣದೆ ಬಿಸಿನಾಡಿಗೆಂದು ಮಾಡಿದ ಲೈನ್ ತರಿಸಿದೆ. ಒಳಗಿನ ಎಳೆ ಗಡುಸು, ಮೇಲಿನ ಪ್ಲಾಸ್ಟಿಕ್ ಪದರವೂ ಗಡುಸು. ಏಳು ಸಾವಿರದ ಮೇಲೆ ಬಿತ್ತು. ಒಂದು ಲೈನಿಗೆ ಅಷ್ಟು ಕೊಡುವಾಗ ಕೈ ಹಿಂದೆಗೆದಿದ್ದು ನಿಜ. ಆದರೆ ಮೊದಲ ಸಂಜೆಯೇ, ಕಲ್ಲು ಇನ್ನೂ ಕಾದಿರುವಾಗಲೇ, ಅದು ರಿಂಗುಗಳಲ್ಲಿ ಸರ್ರನೆ ಹೊರಟು ಮಡುವಿನ ಆಚೆ ದಡದ ನೆರಳಿನವರೆಗೂ ಹೋಯಿತು. ಆ ಸದ್ದು ಕೇಳಿದ ಖುಷಿಗೆ ಮೀನು ಸಿಗದಿದ್ದರೂ ಬೇಸರವಾಗಲಿಲ್ಲ. ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಅಜ್ಜ ಒಬ್ಬರು ಹುಟ್ಟು ನಿಲ್ಲಿಸಿ, "ಎಂತದು ಮಾರಾಯ್ರೆ, ಹಗ್ಗ ಬೀಸಿ ಮೀನು ಹಿಡೀತೀರಾ?" ಅಂತ ಕೇಳಿದರು. ಕಿತ್ತಳೆ ಬಣ್ಣದ ದಪ್ಪ ಲೈನ್ ನೋಡಿದವರು ಹಾಗೆ ಕೇಳುವುದು ಸಹಜ. ಮೀನಿನ ಹತ್ತಿರ ಹೋಗುವುದು ಅದಲ್ಲ, ಅದರ ತುದಿಗೆ ಕಟ್ಟಿದ ಕಣ್ಣಿಗೆ ಕಾಣದಂಥ ತೆಳು ದಾರ, ಲೀಡರ್, ಎಂದು ತೋರಿಸಿದೆ. "ಹೌದಾ" ಅಂದವರು ಮೇಲ್ಗಡೆಯ ಒಂದು ಸೆಳವಿನ ಕಡೆ ಕೈ ತೋರಿಸಿ, ಅಲ್ಲಿ ಬಾಳೆ ಮೀನು ಇದೆ ಅಂದರು. ಇತ್ತು.

ಫ್ಲೈಗಳನ್ನು ಮನೆಯಲ್ಲೇ ಕಟ್ಟುತ್ತೇನೆ: ಆಡಿನ ಬಾಲದ ಕೂದಲು, ಹುಂಜದ ಕತ್ತಿನ ಪುಕ್ಕ, ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿರುತ್ತೇನೆ. ಅವಕ್ಕೆ ಬೀಳುವ ಮೀನು ಕೊರವ, ಬಾಳೆ, ಅಪರೂಪಕ್ಕೆ ಮಹಶೀರ್. ತುಂಗೆ ಕೃಷ್ಣಾ ಕೊಳ್ಳದ ನದಿಯಾದ್ದರಿಂದ ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಇಲ್ಲಿಯದಲ್ಲ. ಅದು 2018ರಲ್ಲೇ ತೀವ್ರ ಅಪಾಯದಲ್ಲಿರುವ ಮೀನಿನ ಪಟ್ಟಿ ಸೇರಿತು. ನಮ್ಮಲ್ಲಿರುವುದು ಬೇರೆ ಜಾತಿ, ಆದರೂ ಮೊದಲ ಓಟಕ್ಕೆ ಲೈನ್ ಪೂರ್ತಿ ಖಾಲಿಯಾಗಿ ಹಿಂದಿನ ಬ್ಯಾಕಿಂಗ್ ದಾರ ಹೊರಬರುತ್ತದೆ. ಎರಡನ್ನೂ ಸೇರಿಸಿದ ಗಂಟು ರಿಂಗುಗಳಲ್ಲಿ ಟಕಟಕ ಅನ್ನುವಾಗ ಎದೆ ಬಾಯಿಗೆ ಬರುತ್ತದೆ. ಸಿಕ್ಕಿದ್ದನ್ನು ನೀರಲ್ಲೇ ಬಿಡಿಸಿ ಬಿಡುತ್ತೇನೆ. ಶೃಂಗೇರಿ, ಚಿಬ್ಬಲಗುಡ್ಡೆಯ ದೇವರ ಮೀನಿನ ಹತ್ತಿರ ಯಾರೂ ಗಾಳ ತರಬಾರದು, ಭದ್ರಾ ಅಭಯಾರಣ್ಯದ ಒಳಗೆ ಕಾನೂನೇ ಬಿಡುವುದಿಲ್ಲ. ಮಳೆಗಾಲದಲ್ಲಿ ಮಹಶೀರ್ ಮೊಟ್ಟೆಯಿಡಲು ಹೊಳೆ ಏರುತ್ತದೆ, ಆಗ ರಾಡ್ ಚೀಲದಿಂದ ಹೊರಗೆ ಬರುವುದೇ ಇಲ್ಲ.

ಈಗ ಈ ಲೈನಿನ ದೋಷಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ವರವಾದ ಗಡಸುತನವೇ ಡಿಸೆಂಬರ್ ಬೆಳಗ್ಗೆ ಶಾಪ. ಮಂಜು ಕವಿದ ಹೊಳೆಯಲ್ಲಿ ರೀಲಿನಿಂದ ಬಿಚ್ಚಿದರೆ ಸ್ಪ್ರಿಂಗಿನಂತೆ ಸುರುಳಿ ಸುರುಳಿಯಾಗಿಯೇ ನೀರ ಮೇಲೆ ಕೂರುತ್ತದೆ. ಮೀನು ಮುಟ್ಟಿದ್ದು ಕೈಗೆ ಗೊತ್ತಾಗುವುದಿಲ್ಲ. ಲೈನನ್ನು ಮರಕ್ಕೆ ಸುತ್ತಿ, ಬಟ್ಟೆಯಲ್ಲಿ ಹಿಡಿದು ನಿಧಾನಕ್ಕೆ ಜಗ್ಗುತ್ತಾ ಹೋದರೆ ಉಜ್ಜಿದ ಬಿಸಿಗೆ ಸ್ವಲ್ಪ ನೆಟ್ಟಗಾಗುತ್ತದೆ. ಬಿಸಿಲು ಏರುವ ತನಕ ಪದೇಪದೇ ಅದೇ ಕೆಲಸ. ನಸುಕಿನಲ್ಲೇ ಮೀನು ಚುರುಕಾಗಿರುವುದು, ಆ ಹೊತ್ತೆಲ್ಲ ಮರಕ್ಕೆ ಹೋಗುತ್ತದೆ. ಇದಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಡುವಿನ ಉರುಳೆ ದಪ್ಪಗಿರುವ ರೀಲಿಗೆ ಹಾಕಿದ ಮೇಲೆ ಸುರುಳಿ ದೊಡ್ಡದಾಯಿತು, ತೊಂದರೆ ಅರ್ಧ ಕಡಿಮೆಯಾಯಿತು.

ಇನ್ನೊಂದು ನಮ್ಮ ಮಲೆನಾಡಿನವರಿಗೇ ಮೀಸಲಾದ ತಲೆನೋವು. ಹೊಳೆ ಗಾಳಕ್ಕೆ ಹದವಾಗುವ ಡಿಸೆಂಬರಿನಿಂದ ಮೇ ತನಕವೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಆ ರೋಗ ಗೊತ್ತಾಗಿದ್ದೇ ನಮ್ಮ ಸೊರಬದ ಕ್ಯಾಸನೂರಿನ ಕಾಡಿನಲ್ಲಿ. ಅದನ್ನು ಹರಡುವ ಉಣುಗು ಹತ್ತದಂತೆ ಡೇಪಾ ಎಣ್ಣೆ ಸವರಿಕೊಳ್ಳದೆ ಹೊಳೆದಾರಿ ಇಳಿಯುವ ಹಾಗಿಲ್ಲ, ಅಂಗಡಿಯ ಡೀಟ್ ಕ್ರೀಮಾದರೆ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಹಾಗಾಗಿ ನಾನು ಯಾವುದನ್ನೇ ಆಗಲಿ ಮನೆಯಲ್ಲೇ ಕಾಲಿಗೆ ಹಚ್ಚಿ, ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದು, ಆಮೇಲಷ್ಟೇ ರೀಲ್ ಮುಟ್ಟುತ್ತೇನೆ. ಎಣ್ಣೆ ಬಿಡುವುದಂತೂ ಬೇಡ. ಲೈನ್ ಹೋದರೆ ಇನ್ನೊಂದು ಬರುತ್ತದೆ.

ತೊಳೆಯುವ ಕೆಲಸ ನನಗೆ ಬಹಳ ಇಷ್ಟ. ರಾತ್ರಿ ನೆನೆಸಿಟ್ಟ ಅಂಟುವಾಳದ ಕಾಯಿ ಕಿವುಚಿ ಉಗುರುಬೆಚ್ಚಗಿನ ನೀರಿಗೆ ಹಾಕುತ್ತೇನೆ. ಲೈನನ್ನು ದೊಡ್ಡ ಸುತ್ತುಗಳಾಗಿ ಬಕೆಟ್ಟಿಗಿಳಿಸಿ, ಹತ್ತಿ ಪಂಚೆಯ ತುಂಡಿನ ನಡುವೆ ಹಿಡಿದು ಎಳೆಯುತ್ತೇನೆ. ಪಂಚೆಯ ಮೇಲೆ ಪಾಚಿಯ ಕಪ್ಪು ಗೆರೆ ಮೂಡುತ್ತದೆ. ಮತ್ತೊಮ್ಮೆ ಬರಿ ನೀರು, ಆಮೇಲೆ ಜಗಲಿ ಕಂಬದಿಂದ ಕಂಬಕ್ಕೆ ನೆರಳಲ್ಲಿ ಹರವಿದರೆ ಮನೆಯಲ್ಲಿ ಯಾರೂ ಓಡಾಡುವಂತಿಲ್ಲ. ಅಂಟುವಾಳದ ನೊರೆ ಮೀನಿಗೆ ವಿಷ, ಹೊಳೆಯಲ್ಲಿ ಮಾತ್ರ ಯಾರೂ ಹೀಗೆ ತೊಳೆಯಬೇಡಿ. ಆ ನೀರು ನಮ್ಮಲ್ಲಿ ಬಾಳೆ ಬುಡಕ್ಕೆ ಹೋಗುತ್ತದೆ. ಮಳೆಗಾಲಕ್ಕೆ ಲೈನನ್ನು ರೀಲಿನಿಂದ ಬಿಚ್ಚಿ ಗೋಡೆಯ ಗೂಟಕ್ಕೆ ಸಡಿಲವಾಗಿ ನೇತುಹಾಕುತ್ತೇನೆ. ರಾಡಿನ ಕಾರ್ಕ್ ಹಿಡಿಕೆಗೆ ಪ್ರತಿ ಆಷಾಢದಲ್ಲೂ ಬೂಸ್ಟು ಬರುತ್ತದೆ, ಒರೆಸಿದರೆ ಹೋಗುತ್ತದೆ.

ಇಷ್ಟೆಲ್ಲ ಆರೈಕೆಯಾದರೂ ಮುಂದಿನ ತುದಿ ಬಂಡೆಗೆ ಉಜ್ಜಿ ಬಿರುಕು ಬಿಟ್ಟಿದೆ, ನೀರು ಹೀರಿ ಮುಳುಗುತ್ತದೆ. ತೂಕವೆಲ್ಲ ಮುಂದಿರುವ ಲೈನ್ ಆದ್ದರಿಂದ ತಿರುಗಿಸಿ ಹಾಕಲೂ ಬರುವುದಿಲ್ಲ. ಎರಡೂ ಕಡೆ ಒಂದೇ ಹದವಿರುವ ಲೈನಾಗಿದ್ದರೆ ಆ ಲಾಭವಿತ್ತು, ಆದರೆ ಅದು ಇಷ್ಟು ದೂರ ಹೋಗದು. ಅಡಿಕೆ ದುಡ್ಡು ಬಂದ ಮೇಲೆ ಅದೇ ಲೈನನ್ನು ಮತ್ತೆ ತರಿಸುತ್ತೇನೆ, ರಾಡ್ ಹಳೆಯದೇ ಸಾಕು. ನೀವು ಚಳಿಗಾಲದಲ್ಲಷ್ಟೇ ಹೊಳೆಗೆ ಹೋಗುವವರಾದರೆ ಸೆಟ್ಟಿನ ಲೈನೇ ಸಾಕು, ಈ ಖರ್ಚು ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಹೋಗುವವರು ರಾಡಿನಲ್ಲಿ ಉಳಿಸಿ ಇದಕ್ಕೆ ಹಾಕಿ.