ಹಳೆಯ ಜಿಪ್ಸಿಗೆ ಮೂರು ಮೀಟರ್‌ಗಳ ಸೆಟ್: ಮೀಟರ್ ಇರಲಿ, ಜೊತೆಗೆ ಬರುವ ವೈರಿಂಗ್ ಬೇಡ

ಮಾರುತಿ ಜಿಪ್ಸಿ ಕಿಂಗ್‌ನ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿರುವ 52 ಎಂಎಂ ಮೀಟರ್ ಸೆಟ್ ಇದು: ಆಯಿಲ್ ಪ್ರೆಶರ್, ಕೂಲೆಂಟ್ ಟೆಂಪರೇಚರ್, ವೋಲ್ಟ್. ಮೂರೂ ಮುಳ್ಳಿನ ಮೀಟರ್‌ಗಳು. ಆಯಿಲ್ ಮತ್ತು ಟೆಂಪರೇಚರ್‌ಗೆ ಒಂದೊಂದು ಸೆಂಡರ್ (ಎಂಜಿನ್ ಕಡೆ ಅಳೆದು ಮೀಟರಿಗೆ ತಿಳಿಸುವ ಭಾಗ), ರೇಡಿಯೇಟರ್ ಹೋಸ್‌ಗೆ ಒಂದು ಅಲ್ಯೂಮಿನಿಯಂ ಅಡಾಪ್ಟರ್, ಒಂದು ಕಂತೆ ವೈರ್, ಇರುವ ವೈರಿಗೆ ಕಚ್ಚಿಸಿ ಕವಲು ತೆಗೆಯುವ ನಾಲ್ಕಾರು ಟಿ-ಟ್ಯಾಪ್ ಕ್ಲಿಪ್‌ಗಳು ಪೆಟ್ಟಿಗೆಯಲ್ಲಿ ಬರುತ್ತವೆ. ಕೆಲವು ಮಳೆಗಾಲಗಳನ್ನು ಕಂಡ ಮೇಲೆ ಹೇಳುವುದಾದರೆ, ಮೀಟರ್‌ಗಳಿಗೆ ಐದಕ್ಕೆ ನಾಲ್ಕು, ವೈರಿಂಗ್ ಸಾಮಾನಿಗೆ ಒಂದು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಈ ಬೆಲೆಯಲ್ಲಿ ಸಿಗುವ ಸೆಟ್‌ಗಳ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹಾಕಿಸಿಕೊಂಡ ನಂತರ ಬರುವ ತೊಂದರೆಗಳೂ ಒಂದೇ.

ಜಿಪ್ಸಿಯಂಥ ಗಾಡಿಗೆ ಈ ಸೆಟ್ ಏಕೆ ಬೇಕು ಎನ್ನುವುದಕ್ಕೆ ಉತ್ತರ ಸರಳ. ಕಂಪನಿ ಕೊಟ್ಟ ಆಯಿಲ್ ದೀಪ ಹತ್ತುವುದು ಒತ್ತಡ ಹೆಚ್ಚುಕಡಿಮೆ ಪೂರ್ತಿ ಬಿದ್ದ ಮೇಲೆ. ಘಾಟಿಯಲ್ಲಿ ಸೆಕೆಂಡ್ ಗೇರ್‌ನಲ್ಲಿ ಏರುವಾಗ ಒತ್ತಡ ನಿಧಾನವಾಗಿ ಇಳಿಯುತ್ತಿರುವುದು ಮೀಟರ್ ಇದ್ದರೆ ಮಾತ್ರ ಕಾಣುತ್ತದೆ. ಆದರೆ ಆ ಮೀಟರ್ ಸುಳ್ಳು ಹೇಳಿದರೆ ಮೀಟರ್ ಇಲ್ಲದಿರುವುದೇ ಮೇಲು. ಅರ್ತಿಂಗ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ ಕೆಟ್ಟರೆ ಮೀಟರ್ ಸುಳ್ಳು ಹೇಳುತ್ತದೆ; ಅದಕ್ಕೇ ಅದರ ಬಗ್ಗೆ ಇಲ್ಲಿ ಸ್ವಲ್ಪ ಉದ್ದ ಬರೆಯಬೇಕಾಗಿದೆ.

ಒಂದೇ ವೈರಿನ ಸೆಂಡರ್‌ಗಳಲ್ಲಿ ಕರೆಂಟ್ ಮೀಟರಿನಿಂದ ಹೊರಟು ಸೆಂಡರ್ ಮೂಲಕ ಎಂಜಿನ್ ಬ್ಲಾಕಿಗೆ ಇಳಿದು, ಅಲ್ಲಿಂದ ಬ್ಯಾಟರಿಯ ಮೈನಸ್‌ಗೆ ಮರಳುತ್ತದೆ. ಈ ಸೆಟ್‌ನ ಆಯಿಲ್ ಸೆಂಡರ್ 10ರಿಂದ 180 ಓಮ್‌ನದು (ಓಮ್ ಎಂದರೆ ಕರೆಂಟಿಗೆ ಬರುವ ತಡೆಯ ಅಳತೆ): ಒತ್ತಡ ಸೊನ್ನೆಯಿದ್ದಾಗ 10, ಪೂರ್ತಿ ಇದ್ದಾಗ 180. ಟೆಂಪರೇಚರ್ ಸೆಂಡರ್ ಇದಕ್ಕೆ ತಿರುಗಾಮುರುಗಾ, ಬಿಸಿ ಏರಿದಂತೆ ಓಮ್ ಇಳಿಯುತ್ತದೆ. 90 ಡಿಗ್ರಿಯಲ್ಲಿ ಸುಮಾರು 51 ಓಮ್ ಇದ್ದದ್ದು 100 ಡಿಗ್ರಿಯಲ್ಲಿ ಸುಮಾರು 38. ಈಗ ಅರ್ತ್ ಕಡೆ ತುಕ್ಕು ಹಿಡಿದು 10 ಓಮ್ ಹೆಚ್ಚುವರಿ ಸೇರಿತು ಎಂದುಕೊಳ್ಳಿ. ಆಯಿಲ್ ಮೀಟರ್ ಇರುವುದಕ್ಕಿಂತ ಹೆಚ್ಚು ಒತ್ತಡ ತೋರಿಸುತ್ತದೆ. ಟೆಂಪರೇಚರ್ ಮೀಟರ್, ಕೂಲೆಂಟ್ ನೂರಕ್ಕೆ ಮುಟ್ಟಿದ್ದರೂ 92ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೆಟ್ಟ ಅರ್ತ್ ಎರಡೂ ಮೀಟರ್‌ಗಳಲ್ಲಿ ಧೈರ್ಯ ತುಂಬುವ ಕಡೆಗೇ ಸುಳ್ಳು ಹೇಳಿಸುತ್ತದೆ. ಎಂಜಿನ್‌ಗೆ ಇದಕ್ಕಿಂತ ಅಪಾಯ ಬೇರೆ ಇಲ್ಲ. ಪೆಟ್ಟಿಗೆಯ ಜೊತೆ ಬರುವ ಸೂಚನಾ ಹಾಳೆಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ.

ಮೊದಲ ತಪ್ಪು ಹೋಸ್ ಅಡಾಪ್ಟರ್‌ನಲ್ಲೇ ಆಗುತ್ತದೆ. ಮೇಲಿನ ರೇಡಿಯೇಟರ್ ಹೋಸ್ ಕತ್ತರಿಸಿ ಅಡಾಪ್ಟರ್ ಕೂರಿಸಿದಾಗ ಅದರ ಎರಡೂ ಕಡೆ ರಬ್ಬರ್ ಇರುತ್ತದೆ. ಅರ್ತ್ ಸಿಗುವುದು ಎಲ್ಲಿಂದ? ಒಳಗಿನ ಕೂಲೆಂಟ್ ಅಷ್ಟೋ ಇಷ್ಟೋ ಕರೆಂಟ್ ಹಾಯಿಸುವುದರಿಂದ ಮುಳ್ಳು ಅಲುಗಾಡಬಹುದು, ಆದರೆ ಆ ರೀಡಿಂಗ್ ನಂಬುವಂಥದ್ದಲ್ಲ. ಅಡಾಪ್ಟರ್‌ನ ಮೈಮೇಲಿರುವ ಚಿಕ್ಕ ಸ್ಕ್ರೂಗೆ 1.5 ಸ್ಕ್ವೇರ್ ಎಂಎಂ ಕಪ್ಪು ವೈರ್‌ಗೆ ರಿಂಗ್ ಲಗ್ (ಬೋಲ್ಟಿಗೆ ತೂರಿಸುವ ಬಳೆಯಂಥ ತುದಿ) ಹೊಡೆದು ಬಿಗಿದು, ಇನ್ನೊಂದು ತುದಿಯನ್ನು ಎಂಜಿನ್ ಬ್ಲಾಕಿನ ಬೋಲ್ಟಿಗೆ ಕೊಡಬೇಕು. ಬಾನೆಟ್ಟಿನ ಕೆಳಗಿನ ತಗಡಿಗೆ ಕೊಟ್ಟರೆ ಸಾಲದು, ಅಲ್ಲಿ ಬಣ್ಣ ಅಡ್ಡ ಬರುತ್ತದೆ. ಆಯಿಲ್ ಸೆಂಡರ್‌ನ ಮರೆಗೆ (ಸ್ಕ್ರೂ ಥ್ರೆಡ್‌ಗೆ) ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತುವ ಅಭ್ಯಾಸವೂ ಇದೇ ತೊಂದರೆ ತರುತ್ತದೆ. ದ್ರವ ಸೀಲೆಂಟ್ ಒಂದು ತೆಳು ಲೇಪ ಸಾಕು, ಅದೂ ಮೊದಲ ಎರಡು ಸುತ್ತು ಮರೆ ಬಿಟ್ಟು.

ಎರಡನೆಯದು, ಎಲ್ಲರೂ ಕೇಳುವ ದೂರು: ಹೆಡ್‌ಲೈಟ್ ಹಾಕಿದರೆ ಮೂರೂ ಮುಳ್ಳುಗಳು ಜರುಗುತ್ತವೆ. ಮೀಟರ್ ಕೆಟ್ಟಿದೆಯೆಂದು ವಾಪಸ್ ಕಳಿಸುವವರೇ ಹೆಚ್ಚು. ಕೆಟ್ಟಿರುವುದು ಮೀಟರ್ ಅಲ್ಲ. 55 ವ್ಯಾಟ್‌ನ ಎರಡು ಬಲ್ಬು ಸೇರಿ ಸುಮಾರು 8 ಆಂಪ್ ಎಳೆಯುತ್ತವೆ. ಆ ಕರೆಂಟ್ ಮತ್ತು ಮೀಟರಿನ ಕರೆಂಟ್ ಒಂದೇ ತುಕ್ಕು ಹಿಡಿದ ಅರ್ತ್ ಬೋಲ್ಟಿನ ಮೂಲಕ ಮರಳುತ್ತಿದ್ದು, ಅಲ್ಲಿ ಬರೀ 0.05 ಓಮ್ ತಡೆ ಇದ್ದರೂ 0.4 ವೋಲ್ಟ್ ವ್ಯತ್ಯಾಸ ಬರುತ್ತದೆ. ಮುಳ್ಳು ಜರುಗಲು ಅಷ್ಟು ಸಾಕು. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಬ್ಯಾಟರಿ ಮೈನಸ್ ಕಂಬಕ್ಕೆ, ಇನ್ನೊಂದು ಮೀಟರಿನ ಹಿಂದಿನ ಕಪ್ಪು ಟರ್ಮಿನಲ್‌ಗೆ ಹಿಡಿಯಿರಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿರಲಿ. 0.1 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಸರಿಯಿಲ್ಲ. ಆಮೇಲೆ ಎರಡನೇ ಪ್ರೋಬನ್ನು ಎಂಜಿನ್ ಬ್ಲಾಕಿಗೆ ಸರಿಸಿ ನೋಡಿ. ಅಲ್ಲೂ ಹೆಚ್ಚಿದ್ದರೆ ದೋಷ ಎಂಜಿನ್ನಿನ ಅರ್ತ್ ಪಟ್ಟಿಯದು. ಹಳೆಯ ಜಿಪ್ಸಿಗಳಲ್ಲಿ ಈ ಹೆಣೆದ ಪಟ್ಟಿ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಲಗ್ಗಿನೊಳಗೆ ಹಸಿರುಗಟ್ಟಿ ಪುಡಿಯಾಗಿರುತ್ತದೆ. 16 ಸ್ಕ್ವೇರ್ ಎಂಎಂ ಕೇಬಲ್‌ನಿಂದ ಹೊಸದು ಮಾಡಿಸಿ, ಬೋಲ್ಟು ಕೂರುವ ಜಾಗವನ್ನು ಎಮರಿ ಪೇಪರ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಗ್ರೀಸ್ ಬಳಿಯಿರಿ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗೆ ಗ್ರೀಸ್ ತಪ್ಪಿಸುವಂತಿಲ್ಲ.

ದೋಷ ಮೀಟರಿನಲ್ಲೋ, ವೈರಿನಲ್ಲೋ, ಸೆಂಡರ್‌ನಲ್ಲೋ ಎಂದು ತಿಳಿಯಲು ಎರಡು ನಿಮಿಷ ಸಾಕು. ಕೀ ಆನ್ ಮಾಡಿ ಸೆಂಡರ್ ತುದಿಯಲ್ಲಿ ವೈರ್ ಬಿಚ್ಚಿ: ಟೆಂಪರೇಚರ್ ಮುಳ್ಳು ತಣ್ಣಗಿನ ತುದಿಗೆ, ಆಯಿಲ್ ಮುಳ್ಳು ಪೂರ್ತಿ ಮೇಲಕ್ಕೆ ಹೋಗಬೇಕು. ಅದೇ ವೈರನ್ನು ಒಂದು ಕ್ಷಣ ಬ್ಲಾಕಿಗೆ ಮುಟ್ಟಿಸಿ: ಟೆಂಪರೇಚರ್ ಬಿಸಿ ತುದಿಗೆ, ಆಯಿಲ್ ಸೊನ್ನೆಗೆ. ಹೀಗೆ ಆದರೆ ಮೀಟರ್ ಮತ್ತು ವೈರ್ ಸರಿ, ಸೆಂಡರ್ ನೋಡಿಕೊಳ್ಳಿ. ಸೆಂಡರ್ ಬದಲಿಸುವುದಾದರೆ ಓಮ್ ಶ್ರೇಣಿ ಕೇಳಿಯೇ ಕೊಳ್ಳಬೇಕು. ಅಮೆರಿಕದ ಮೀಟರ್‌ಗಳಿಗೆ ಬರುವ 240ರಿಂದ 33 ಓಮ್‌ನ ಸೆಂಡರ್ ಇದಕ್ಕೆ ಹಾಕಿದರೆ ಒತ್ತಡ ಏರಿದಾಗ ಮುಳ್ಳು ಇಳಿಯುತ್ತದೆ.

ಪ್ಲಸ್ ಕಡೆಗೆ ಬರೋಣ. ಟಿ-ಟ್ಯಾಪ್ ಕ್ಲಿಪ್‌ಗಳನ್ನು ಕಸಕ್ಕೆ ಹಾಕಿ. ಅವು ಮೂಲ ವೈರಿನ ಎಳೆಗಳನ್ನು ಕತ್ತರಿಸಿ ಒಳಗೆ ನೀರಿಗೆ ದಾರಿ ಮಾಡುತ್ತವೆ. ಮಲೆನಾಡಿನ ಒಂದು ಮಳೆಗಾಲ ಸಾಕು, ಸಪ್ಲೈ ಬಂದುಹೋಗಿ ಆಡತೊಡಗುತ್ತದೆ. ಫ್ಯೂಸ್ ಬಾಕ್ಸಿನಿಂದ ತೆಗೆಯುವುದಾದರೆ ಫ್ಯೂಸ್ ಟ್ಯಾಪ್ (ಹಳೆಯ ಫ್ಯೂಸಿನ ಜಾಗದಲ್ಲಿ ಕೂತು ಇನ್ನೊಂದು ಫ್ಯೂಸಿಗೂ ಜಾಗ ಕೊಡುವ ಸಾಮಾನು) ಬಳಸಿ, 3 ಆಂಪ್ ಫ್ಯೂಸ್ ಹಾಕಿ. ಟ್ಯಾಪ್‌ನ ಎರಡು ಫ್ಯೂಸ್‌ಗಳಿಗೂ ಸಾಮಾನ್ಯವಾದ ಕಾಲು, ಬ್ಯಾಟರಿಯಿಂದ ಸಪ್ಲೈ ಬರುವ ಕಿಂಡಿಗೆ ಕೂರಬೇಕು. ಹಿಂದುಮುಂದಾದರೆ ಎರಡು ಸರ್ಕ್ಯೂಟಿನ ಹೊರೆಯೂ ಒಂದೇ ಫ್ಯೂಸಿನ ಮೇಲೆ ಬೀಳುತ್ತದೆ. ಸಪ್ಲೈಯನ್ನು ಎಸಿಸಿಯಿಂದ (ಕೀಯ ಆ್ಯಕ್ಸೆಸರಿ ಸ್ಥಾನದಲ್ಲಿ ಬರುವ ಲೈನ್) ತೆಗೆಯಬೇಡಿ, ಇಗ್ನಿಷನ್‌ನಿಂದ ತೆಗೆಯಿರಿ. ಸೆಲ್ಫ್ ಹೊಡೆಯುವಾಗ ಎಸಿಸಿ ಕಡಿತವಾಗುವುದರಿಂದ, ಬ್ಯಾಟರಿ ಎಷ್ಟಕ್ಕೆ ಇಳಿಯುತ್ತದೆ ಎನ್ನುವ ಮುಖ್ಯ ಮಾಹಿತಿಯೇ ವೋಲ್ಟ್ ಮೀಟರಿನಲ್ಲಿ ಕಾಣುವುದಿಲ್ಲ. ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನು ಪರೀಕ್ಷೆ ಮಾಡಿಸುವ ಕಾಲ ಬಂದಿದೆ.

ಇಲ್ಲೊಂದು ಮಾತು. ಹಳೆಯ ಇಗ್ನಿಷನ್ ಸ್ವಿಚ್ಚಿನ ಮೂಲಕ ಬರುವ ಸಪ್ಲೈಯಲ್ಲಿ ಅರ್ಧ ವೋಲ್ಟ್‌ವರೆಗೆ ನಷ್ಟವಾಗಬಹುದು. ಬ್ಯಾಟರಿಯಲ್ಲಿ 14.1 ಇದ್ದರೆ ಮೀಟರ್ 13.6 ತೋರಿಸುತ್ತದೆ, ಜನ ಆಲ್ಟರ್ನೇಟರ್ ಬಿಚ್ಚಿಸುತ್ತಾರೆ. ಪರಿಹಾರ ಒಂದು ನಾಲ್ಕು ಪಿನ್ ರಿಲೇ (ಕರೆಂಟಿನಿಂದಲೇ ಆನ್ ಆಗುವ ಸ್ವಿಚ್): 30ನೇ ಪಿನ್‌ಗೆ ಬ್ಯಾಟರಿಯಿಂದ 5 ಆಂಪ್ ಫ್ಯೂಸ್ ಮೂಲಕ ಸಪ್ಲೈ, 87ರಿಂದ ಮೂರು ಮೀಟರ್‌ಗಳಿಗೆ, 86ಕ್ಕೆ ಇಗ್ನಿಷನ್, 85 ಅರ್ತ್. ಬ್ಯಾಟರಿ ಕಡೆಯ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ.

ಡ್ಯಾಶ್ ಲೈಟಿನ ವೈರ್ ಇನ್ನೊಂದು ಗೋಜಲು. ಕೀ ತೆಗೆದಿದ್ದರೂ ಪಾರ್ಕಿಂಗ್ ಲೈಟ್ ಹಾಕಿದಾಗ ಮುಳ್ಳು ಅಲುಗಿದರೆ, ಮೀಟರಿನ ಕಪ್ಪು ವೈರ್ ಎಲ್ಲೋ ಬಿಟ್ಟುಹೋಗಿದೆ ಎಂದೇ ತಿಳಿಯಿರಿ. ಅರ್ತ್ ಸಿಗದ ಬಲ್ಬಿನ ಕರೆಂಟ್ ಹಿಮ್ಮುಖವಾಗಿ ಇಗ್ನಿಷನ್ ವೈರಿಗೆ ನುಗ್ಗುತ್ತಿರುತ್ತದೆ.

ಬ್ಯಾಟರಿ ಇಳಿಯುವ ದೂರಿಗೆ ಈ ಸೆಟ್ ಕಾರಣವಾಗಬಾರದು, ಏಕೆಂದರೆ ಇದಕ್ಕೆ ಸದಾ ಸಪ್ಲೈ ಬೇಡ. ನೆನಪು ಇಟ್ಟುಕೊಳ್ಳುವ ಡಿಜಿಟಲ್ ಮೀಟರ್‌ಗಳಿಗೆ ಬೇಕು. ಆದರೂ ವೈರಿಂಗ್ ಮುಗಿದ ಮೇಲೆ ಅಳೆಯುವುದು ಒಳ್ಳೆಯದು. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪ್ ಕಿಂಡಿಯಲ್ಲಿಟ್ಟು ನಡುವೆ ಸೇರಿಸಿ. ಆ ಹೊತ್ತಿನಲ್ಲಿ ಸೆಲ್ಫ್ ಹೊಡೆದರೆ ಮಲ್ಟಿಮೀಟರಿನ ಫ್ಯೂಸ್ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದಾಗ 50 ಮಿಲಿಆಂಪ್‌ನೊಳಗೆ ಇರಬೇಕು. 200 ಇದ್ದರೆ ದಿನಕ್ಕೆ 4.8 ಆಂಪ್-ಅವರ್ ಸೋರುತ್ತದೆ. 35 ಆಂಪ್-ಅವರ್ ಬ್ಯಾಟರಿ ನಾಲ್ಕು ದಿನ ನಿಂತರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಒಂದೊಂದೇ ಫ್ಯೂಸ್ ಎಳೆಯುತ್ತಾ ಬನ್ನಿ, ಯಾವುದನ್ನು ಎಳೆದಾಗ ಸಂಖ್ಯೆ ಇಳಿಯಿತೋ ಆ ಸರ್ಕ್ಯೂಟಿನಲ್ಲಿ ಹುಡುಕಿ.

ಮರೆಯ ಬಗ್ಗೆ ಒಂದು ಎಚ್ಚರಿಕೆ. ಜಪಾನಿ ಎಂಜಿನ್‌ಗಳಲ್ಲಿ ಆಯಿಲ್ ದೀಪ ಹತ್ತಿಸುವ ಸ್ವಿಚ್ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ (ಬ್ರಿಟಿಷ್ ಪೈಪ್ ಮರೆ), ಇಂಚಿಗೆ 28 ಮರೆ. ಪೆಟ್ಟಿಗೆಯಲ್ಲಿ ಬರುವ ಸೆಂಡರ್ 1/8 ಎನ್‌ಪಿಟಿ (ಅಮೆರಿಕದ ಪೈಪ್ ಮರೆ), ಇಂಚಿಗೆ 27. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಬಲ ಹಾಕಿದರೆ ಬ್ಲಾಕಿನ ಮರೆ ಹಾಳು. ಈ ಎರಡು ಮರೆಗಳನ್ನು ಹೊಂದಿಸುವ ಅಡಾಪ್ಟರ್ ಬೇರೆ ಕೊಳ್ಳಿ. ಸ್ವಿಚ್ ಮತ್ತು ಸೆಂಡರ್ ಎರಡಕ್ಕೂ ಜಾಗ ಕೊಡುವ ಹಿತ್ತಾಳೆಯ ಟಿ-ಪೀಸಿಗೆ ಭಾರದ ಸೆಂಡರ್ ನೇತುಹಾಕಿದರೆ ಅದುರಾಟಕ್ಕೆ ಕತ್ತು ಮುರಿದು ಆಯಿಲೆಲ್ಲ ರಸ್ತೆಗೆ ಸುರಿಯುತ್ತದೆ. ಹೆಣೆದ ಉಕ್ಕಿನ ಹೋಸ್‌ನಿಂದ ಸೆಂಡರನ್ನು ಬಾಡಿಯ ಮೇಲೆ ಕ್ಲಾಂಪ್ ಮಾಡಿ, ಅದಕ್ಕೂ ಬ್ಲಾಕಿನಿಂದ ಬೇರೆ ಅರ್ತ್ ಎಳೆಯಿರಿ. ಕಂಪನಿಯ ಆಯಿಲ್ ಸ್ವಿಚ್ ಮತ್ತು ದೀಪ ಹಾಗೆಯೇ ಉಳಿಯಲಿ.

ಯಾರು ಕೊಳ್ಳಬಹುದು? ಜಿಪ್ಸಿ, ಹಳೆಯ ಎಸ್ಟೀಮ್, ಹಳೆಯ ಜೀಪ್ ಇರುವವರು ಧಾರಾಳವಾಗಿ ಕೊಳ್ಳಬಹುದು. ಬಿಎಸ್6 (ಭಾರತ್ ಸ್ಟೇಜ್ 6 ಹೊಗೆ ನಿಯಮದ) ಗಾಡಿಗೆ ಇದು ಬೇಡ. ಅಲ್ಲಿ ಒಬಿಡಿ ಪೋರ್ಟಿಗೆ (ಗಾಡಿಯ ದೋಷ ಪತ್ತೆಗೆ ಕೊಟ್ಟಿರುವ ಸಾಕೆಟ್) ಸೇರಿಸುವ ಡಿಸ್‌ಪ್ಲೇ ಸಾಕು. ಆ ಪೋರ್ಟಿನ 16ನೇ ಪಿನ್‌ನಲ್ಲಿ ಕೀ ತೆಗೆದರೂ ಸಪ್ಲೈ ಇರುವುದರಿಂದ ಗಾಡಿ ವಾರಗಟ್ಟಲೆ ನಿಲ್ಲುವಾಗ ಡಿಸ್‌ಪ್ಲೇ ಕಿತ್ತಿಡಬೇಕು. ಮೀಟರಿನ ಜೊತೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೋ ಇಷ್ಟು ಸಾಮಾನು ತಂದಿಟ್ಟುಕೊಳ್ಳಿ: 1.5 ಸ್ಕ್ವೇರ್ ಎಂಎಂ ವೈರ್ ಕೆಂಪು, ಕಪ್ಪು ಐದೈದು ಮೀಟರ್, ಸೆಂಡರ್‌ಗೆ ಬೇರೆ ಬಣ್ಣದ 0.75 ವೈರ್, ಹತ್ತು ರಿಂಗ್ ಲಗ್, ಹೀಟ್ ಶ್ರಿಂಕ್ ಸ್ಲೀವ್, ಸುರುಳಿ ಪೈಪು, ಫೈರ್‌ವಾಲ್ ತೂತಿಗೆ ರಬ್ಬರ್ ಗ್ರೋಮೆಟ್.